ಹಾಡು ಚೆನ್ನಾಗಿದೆ, ಸಹಿ ಯಾರು ಹಾಕ್ತಾರೆ?

ಇದು ಒಬ್ಬ ಗಾಯಕಿಯ ಒಂದೇ ಒಂದು ಹಾಡಿನ ಪ್ರಕರಣ. ಅವರು ತಾವೇ ಬರೆಯುತ್ತಾರೆ, ತಾವೇ ಹಾಡುತ್ತಾರೆ, ಯಾವ ಮ್ಯೂಸಿಕ್ ಕಂಪನಿಯ ಬೆಂಬಲವೂ ಇಲ್ಲದೆ ತಾವೇ ಬಿಡುಗಡೆ ಮಾಡುತ್ತಾರೆ. ಇಂಥ ಸ್ವತಂತ್ರ ಸಂಗೀತಗಾರರ ಒಪ್ಪಂದ, ಕಾಗದಪತ್ರ, ಬಿಡುಗಡೆಯ ತಯಾರಿ ನೋಡಿಕೊಡುವುದು ನನ್ನ ಕೆಲಸ. ಇಲ್ಲಿ ಬರುವವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಹಾಡಿನ ಸಾಲು ಯಾವುದನ್ನೂ ಕೊಟ್ಟಿಲ್ಲ. ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದ್ದೇನೆ.

ಈ ಪ್ರಕರಣವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಹೊಸಬರಿಗೆ ಉದ್ಯಮದ ಒಳಗಿನವರ ಜೊತೆ ಕೂತು ಮಾತಾಡುವ ಅವಕಾಶ ಸಿಗುವುದೇ ಕಡಿಮೆ. ಸಿಕ್ಕಾಗ ಹೆಚ್ಚಿನವರು ಕೇಳುವುದು ಒಂದೇ ಮಾತು: "ಹಾಡು ಹೇಗಿದೆ?" ಈ ಗಾಯಕಿಯೂ ಅದನ್ನೇ ಕೇಳುತ್ತಿದ್ದರು. ಎಲ್ಲರೂ ಚೆನ್ನಾಗಿದೆ ಅಂದರು. ಆಮೇಲೆ ಏನೂ ಆಗಲಿಲ್ಲ. ಕೇಳುವ ಪ್ರಶ್ನೆ ಬದಲಾದ ಮೇಲೆ ಏನೇನಾಯಿತು ಅನ್ನುವುದನ್ನು ವಿವರವಾಗಿ ಹೇಳಬೇಕು ಅನಿಸಿತು.

ಹಾಡು ಆದದ್ದು ಹೇಗೆ

ಗಾಯಕಿ ಒಂದು ವೆಬ್‌ಸೈಟಿನಿಂದ ಬೀಟ್ ತಗೊಂಡಿದ್ದರು. ಬೀಟ್ ಅಂದರೆ ಬರೀ ತಾಳ ಅಲ್ಲ. ಡ್ರಮ್ಸ್, ಬೇಸ್, ಕೀಬೋರ್ಡ್, ಜೊತೆಗೆ ಮತ್ತೆ ಮತ್ತೆ ಬರುವ ಒಂದು ಗಿಟಾರ್ ತುಣುಕು, ಎಲ್ಲ ಸೇರಿದ ಸಿದ್ಧ ಸಂಗೀತ. ಅದರ ಮೇಲೆ ಪಲ್ಲವಿ ಕಟ್ಟಿದರು, ಮೊದಲ ಚರಣ ಬರೆದರು. ಎರಡನೇ ಚರಣ ಕೂರುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಕೇಳುತ್ತಿದ್ದ ಗೆಳತಿ ನಾಲ್ಕು ಸಾಲು ಹೇಳಿದರು. ಚೆನ್ನಾಗಿತ್ತು, ಹಾಗೇ ಹಾಡಿಬಿಟ್ಟರು. ಗೆಳತಿ ಸಂಗೀತದ ಕಡೆಯವರಲ್ಲ, ಅವರದು ಬೇರೆಯೇ ಉದ್ಯೋಗ.

ಮನೆಯಲ್ಲೇ ಧ್ವನಿ ರೆಕಾರ್ಡ್ ಮಾಡಿ, ಪರಿಚಯದ ಸೌಂಡ್ ಎಂಜಿನಿಯರ್ ಹತ್ತಿರ ಮಿಕ್ಸ್ ಮಾಡಿಸಿ, ಹಾಡನ್ನು ಆ್ಯಪ್‌ಗಳಿಗೆ ತಲುಪಿಸಿ ಹಣ ತಂದುಕೊಡುವ ಡಿಸ್ಟ್ರಿಬ್ಯೂಟರ್ ಮೂಲಕ ಎಲ್ಲ ಆ್ಯಪ್‌ಗಳಿಗೂ ಹಾಕಿದರು. ಬರೆದವರು ಯಾರು ಅಂತ ಕೇಳುವ ಜಾಗದಲ್ಲಿ ತಮ್ಮ ಒಬ್ಬರದೇ ಹೆಸರು ತುಂಬಿದರು. ಇದರಲ್ಲಿ ಮೋಸದ ಉದ್ದೇಶ ಇರಲಿಲ್ಲ. ಹಾಡು ಹಾಡಿದವರದೇ ಅಂತ ಅಂದುಕೊಂಡಿದ್ದರು, ಅಷ್ಟೇ.

ಕೆಲವು ತಿಂಗಳು ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಯಾರೋ ಒಂದು ಚಿಕ್ಕ ವಿಡಿಯೊಗೆ ಎರಡನೇ ಚರಣದ ತುಣುಕನ್ನು ಹಾಕಿಕೊಂಡರು. ಅದನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಕೆಲವೇ ವಾರಗಳಲ್ಲಿ ಹಾಡು ಓಡತೊಡಗಿತು. ಹರಡಿದ ಆ ಸಾಲುಗಳು ಗೆಳತಿ ಹೇಳಿದವು ಅನ್ನುವುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ತೊಡಕು

ಗಾಯಕಿ ನನ್ನ ಹತ್ತಿರ ಬಂದಾಗ ಅವರ ಫೋನಿನಲ್ಲಿ ನಾಲ್ಕು ಸಂದೇಶ ಇದ್ದವು. ಒಂದು ಮ್ಯೂಸಿಕ್ ಕಂಪನಿಯ ಎ ಅಂಡ್ ಆರ್ ವಿಭಾಗದವರದು. ಹೊಸ ಕಲಾವಿದರನ್ನು ಹುಡುಕಿ ಕಂಪನಿಗೆ ತರುವುದೇ ಈ ವಿಭಾಗದ ಕೆಲಸ. ಎರಡನೆಯದು ಒಂದು ವಿತರಣಾ ಕಂಪನಿಯದು, ಮುಂಗಡ ಕೊಡ್ತೀವಿ ಅಂತ. ಮೂರನೆಯದು ಪ್ಲೇಲಿಸ್ಟ್ ಪ್ರಚಾರದವರದು, ದುಡ್ಡು ಕೊಟ್ಟರೆ ಇಷ್ಟು ಸ್ಟ್ರೀಮ್, ಅಂದರೆ ಆ್ಯಪ್‌ನಲ್ಲಿ ಹಾಡು ಇಷ್ಟು ಸಲ ಓಡುವುದು, ಗ್ಯಾರಂಟಿ ಅಂತ. ನಾಲ್ಕನೆಯದು ಯೂಟ್ಯೂಬಿನ ಕಂಟೆಂಟ್ ಐಡಿ ನೋಟಿಸು: ನಿಮ್ಮ ವಿಡಿಯೊದಲ್ಲಿರುವ ಸಂಗೀತ ಬೇರೊಬ್ಬರದು, ಜಾಹೀರಾತಿನ ಹಣ ಇನ್ನು ಅವರಿಗೆ ಹೋಗುತ್ತದೆ.

"ಯಾರಿಗೆ ಮೊದಲು ಉತ್ತರ ಕೊಡ್ಲಿ?" ಅಂತ ಕೇಳಿದರು. ನಾನು ಬೀಟಿನ ಲೈಸೆನ್ಸ್ ತೋರಿಸಿ ಅಂದೆ. ಹಳೇ ಮೇಲ್‌ಗಳಲ್ಲಿ ಹುಡುಕಿ ಒಂದು ಪಿಡಿಎಫ್ ತೆಗೆದರು. ಅವರು ಅದನ್ನು ಅಲ್ಲಿಯವರೆಗೆ ತೆರೆದೇ ಇರಲಿಲ್ಲ.

ಇಬ್ಬರೂ ಕೂತು ಸಾಲು ಸಾಲಾಗಿ ಓದಿದೆವು. ಬೀಟ್ ಅವರೊಬ್ಬರಿಗೇ ಕೊಟ್ಟದ್ದಲ್ಲ, ಯಾರು ಬೇಕಾದರೂ ಇದೇ ಬೀಟನ್ನು ತಗೊಳ್ಳಬಹುದು. ಸ್ಟ್ರೀಮುಗಳಿಗೆ ಮಿತಿ ಇದೆ, ಮಿತಿ ದಾಟಿದರೆ ದೊಡ್ಡ ಲೈಸೆನ್ಸ್ ತಗೊಳ್ಳಬೇಕು. ಸಿನಿಮಾ, ಸೀರೀಸ್, ಜಾಹೀರಾತಿಗೆ ಬಳಸುವಂತಿಲ್ಲ. ಕಂಟೆಂಟ್ ಐಡಿಯಲ್ಲಿ ನೋಂದಾಯಿಸುವಂತಿಲ್ಲ. ಕೊನೆಯದಾಗಿ, ಹಾಡಿನ ರಚನೆಯಲ್ಲಿ ಅರ್ಧ ಪಾಲು ಬೀಟ್ ಮಾಡಿದವರದು. ಇವೆಲ್ಲ ಬೀಟ್ ವ್ಯಾಪಾರದಲ್ಲಿ ಮಾಮೂಲಿ ಶರತ್ತುಗಳೇ. ಕಂಟೆಂಟ್ ಐಡಿ ನೋಟಿಸಿನ ಗುಟ್ಟೂ ಅಲ್ಲೇ ಬಯಲಾಯಿತು. ಇದೇ ಬೀಟ್ ತಗೊಂಡ ಇನ್ನೊಬ್ಬ ಹಾಡುಗಾರ ಶರತ್ತು ಮೀರಿ ತನ್ನ ಹಾಡನ್ನು ಅಲ್ಲಿ ನೋಂದಾಯಿಸಿದ್ದ. ಯೂಟ್ಯೂಬ್ 2007ರಲ್ಲಿ ತಂದ ಈ ವ್ಯವಸ್ಥೆ ಧ್ವನಿಯನ್ನು ಧ್ವನಿಗೆ ಹೋಲಿಸಿ ನೋಡುತ್ತದೆ. ಎರಡರಲ್ಲೂ ಗಿಟಾರ್ ಒಂದೇ, ಹಾಗಾಗಿ ಮೊದಲು ನೋಂದಾಯಿಸಿದವನಿಗೆ ಹಣ ತಿರುಗಿಸಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತದೆ. ಸಾಹಿತ್ಯ ಮತ್ತು ರಾಗ ಸೇರಿದ ರಚನೆ ಒಂದು. ಆ ರಚನೆಯನ್ನು ಹಾಡಿ, ನುಡಿಸಿ, ಹಿಡಿದಿಟ್ಟ ರೆಕಾರ್ಡಿಂಗ್ ಇನ್ನೊಂದು, ಉದ್ಯಮದಲ್ಲಿ ಇದಕ್ಕೆ ಮಾಸ್ಟರ್ ಅಂತಾರೆ. ಜಾಗ ಒಬ್ಬರದು, ಅದರ ಮೇಲೆ ಕಟ್ಟಿದ ಮನೆ ಇನ್ನೊಬ್ಬರದು ಇದ್ದ ಹಾಗೆ. ಎರಡಕ್ಕೂ ಬೇರೆ ಬೇರೆ ಮಾಲೀಕರು ಇರಬಹುದು, ಹಣವೂ ಬೇರೆ ದಾರಿಯಲ್ಲಿ ಬರುತ್ತದೆ. ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಗಳ ಕೋಡ್ ಇದೆ. ರಚನೆಗೆ ಐಎಸ್‌ಡಬ್ಲ್ಯುಸಿ ಅನ್ನುವ ಬೇರೆ ಕೋಡ್. ನಮ್ಮ ಗಾಯಕಿಯ ಹತ್ತಿರ ಮೊದಲನೆಯದು ಮಾತ್ರ ಇತ್ತು, ಅದನ್ನೂ ಡಿಸ್ಟ್ರಿಬ್ಯೂಟರ್ ತಾನಾಗಿಯೇ ಕೊಟ್ಟದ್ದು.

ಪ್ರಶ್ನೆ ಬದಲಿಸಿದ್ದು

ಯಾರಿಗೂ ತಕ್ಷಣ ಹೂಂ ಅಥವಾ ಊಹೂಂ ಅನ್ನಬಾರದು ಅಂತ ಮೊದಲು ತೀರ್ಮಾನಿಸಿದೆವು. ಉದ್ಯಮದ ಬೇರೆ ಬೇರೆ ಮೇಜಿನಲ್ಲಿ ಕೂತವರ ಜೊತೆ ಮಾತಾಡೋಣ, ಆದರೆ ಹಾಡು ಹೇಗಿದೆ ಅಂತ ಕೇಳುವುದು ಬೇಡ ಅಂದೆ. ಅದರ ಬದಲು ಹೀಗೆ ಕೇಳಲು ಹೇಳಿದೆ: "ಈ ಹಾಡನ್ನು ನಾಳೆನೇ ತಗೊಳ್ಳೋದಾದ್ರೆ ನನ್ನ ಹತ್ತಿರ ಏನೇನು ಕೇಳ್ತೀರಿ?"

ಮೊದಲ ಮಾತು ಎ ಅಂಡ್ ಆರ್ ಅವರ ಜೊತೆ. ನಾನೂ ಕರೆಯಲ್ಲಿದ್ದೆ. ಅವರು ಹಾಡಿನ ಬಗ್ಗೆ ಮಾತಾಡಿದ್ದು ಒಂದೇ ವಾಕ್ಯ: "ಶುರುವಿನ ಸಂಗೀತ ಉದ್ದವಾಯ್ತು, ಧ್ವನಿ ಬರೋ ಹೊತ್ತಿಗೆ ಜನ ಮುಂದೆ ಹೋಗಿರ್ತಾರೆ." ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಅಂತ ಲೆಕ್ಕ. ಅವರ ಮಾತಿಗೆ ಹಿನ್ನೆಲೆ ಅದು. ಉಳಿದದ್ದೆಲ್ಲ ಅಂಕಿಗಳ ಮೇಲೆ. ಎಷ್ಟು ಸಲ ಓಡಿದೆ ಅನ್ನುವುದಕ್ಕಿಂತ ಎಷ್ಟು ಜನ ಸೇವ್ ಮಾಡಿಕೊಂಡಿದ್ದಾರೆ, ಎಷ್ಟು ಜನ ತಾವಾಗಿಯೇ ಹುಡುಕಿಕೊಂಡು ಮತ್ತೆ ಬಂದಿದ್ದಾರೆ, ವಿಡಿಯೊ ತುಣುಕು ಕೇಳಿದವರಲ್ಲಿ ಎಷ್ಟು ಜನ ಪೂರ್ತಿ ಹಾಡಿಗೆ ಬಂದರು ಅನ್ನುವುದನ್ನು ಕೇಳಿದರು. ಆಮೇಲೆ, ಸುಮ್ನೆ ಮಾತಿಗೆ ಅನ್ನುವ ಹಾಗೆ, "ಎಲ್ಲರೂ ಬಳಸ್ತಿರೋ ಆ ನಾಲ್ಕು ಸಾಲು ನಿಮ್ದೇನಾ?" ಅಂದರು.

ಗಾಯಕಿ ಒಂದು ಕ್ಷಣ ತಡೆದು, "ನನ್ನ ಗೆಳತಿ ಹೇಳಿದ್ದು" ಅಂದರು.

"ಅವರ ಸಹಿ ಇದೆಯಾ?"

ಇರಲಿಲ್ಲ. ಈ ಪ್ರಕರಣದ ಮೊದಲ ತಿರುವು ಇದೇ. ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಬಂದದ್ದು ಹಾಡನ್ನು ನಿಜವಾಗಿ ತಗೊಳ್ಳಲು ಯೋಚಿಸುತ್ತಿದ್ದವರಿಂದ. ಗಾಯಕಿಗೆ ಅದು ಅವಮಾನ ಅನಿಸಿತ್ತು. ನನಗೆ ಅದು ಒಳ್ಳೆಯ ಸೂಚನೆ ಅನಿಸಿತು. ತಗೊಳ್ಳುವ ಮನಸ್ಸಿಲ್ಲದವರು ಕಾಗದ ಕೇಳುವುದಿಲ್ಲ, ಹೊಗಳಿ ಸುಮ್ಮನಾಗುತ್ತಾರೆ.

ಅದೇ ಕರೆಯಲ್ಲಿ ಒಪ್ಪಂದದ ಸ್ವರೂಪವನ್ನೂ ಕೇಳಿಕೊಂಡೆವು. ರೆಕಾರ್ಡಿಂಗಿನ ಮಾಲೀಕತ್ವ ಶಾಶ್ವತವಾಗಿ ಕಂಪನಿಗೆ, ಗಾಯಕಿಗೆ 20% ರಾಯಲ್ಟಿ, ಮೇಲೊಂದು ಮುಂಗಡ, ಮುಂದಿನ ಹಾಡುಗಳ ಮೇಲೂ ಮೊದಲ ಹಕ್ಕು. ಮುಂಗಡ ಅಂದ ಕೂಡಲೇ ಗಾಯಕಿಯ ಮುಖ ಅರಳಿತು. ಹಾಗಾಗಿ ಕರೆ ಮುಗಿದ ಮೇಲೆ ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದೆ. ಮುಂಗಡ 100 ಅಂತ ಇಟ್ಟುಕೊಳ್ಳೋಣ. ಕಂಪನಿ ಅದನ್ನು ವಾಪಸ್ ಹಿಡಿದುಕೊಳ್ಳುವುದು ಹಾಡಿನ ಒಟ್ಟು ಗಳಿಕೆಯಿಂದ ಅಲ್ಲ, ಗಾಯಕಿಯ 20% ಪಾಲಿನಿಂದ. ಅಂದರೆ ಹಾಡು 500 ಗಳಿಸುವವರೆಗೆ ಮುಂಗಡದ ಮೇಲೆ ಬಿಡಿಗಾಸೂ ಬರುವುದಿಲ್ಲ. ವಿಡಿಯೊ ಮತ್ತು ಪ್ರಚಾರಕ್ಕೆ ಮಾಡಿದ 60 ಖರ್ಚನ್ನೂ ಇದೇ ಪಾಲಿನಿಂದ ಹಿಡಿದರೆ ಹಾಡು 800 ಗಳಿಸಬೇಕು. ಅಷ್ಟು ಹೊತ್ತಿಗೆ ಕಂಪನಿಯ 80% ಪಾಲೇ 640 ಆಗಿರುತ್ತದೆ. ಇದನ್ನು ಮೋಸ ಅನ್ನಲಾಗದು, ಓಡದ ಹಾಡುಗಳ ನಷ್ಟವೂ ಕಂಪನಿಯದೇ. ಆದರೆ ಲೆಕ್ಕ ಗೊತ್ತಿದ್ದು ಸಹಿ ಹಾಕುವುದು ಬೇರೆ, ಗೊತ್ತಿಲ್ಲದೆ ಹಾಕುವುದು ಬೇರೆ, ಅಲ್ವಾ?

ವಿತರಣಾ ಕಂಪನಿಯವರ ಜೊತೆಗಿನ ಮಾತು ಸರಳವಾಗಿತ್ತು. ಮಾಲೀಕತ್ವ ನಿಮ್ಮದೇ, ನಾವು 25% ಇಟ್ಟುಕೊಳ್ತೀವಿ, ಮುಂಗಡ ತೀರುವವರೆಗೆ ಹಾಡನ್ನು ಬೇರೆ ಕಡೆ ಒಯ್ಯುವಂತಿಲ್ಲ. ಅಲ್ಲಿದ್ದ ಒಬ್ಬರು ಕೇಳದೆಯೇ ಹೇಳಿದ ಒಂದು ಮಾತು ಉಪಯೋಗಕ್ಕೆ ಬಂತು: ಡಿಸ್ಟ್ರಿಬ್ಯೂಟರ್ ಬದಲಿಸುವಾಗ ಹಳೆಯ ಐಎಸ್‌ಆರ್‌ಸಿಯನ್ನೇ ಕೊಡಿ, ಆಡಿಯೊ ಒಂದಿಷ್ಟೂ ಬದಲಿಸಬೇಡಿ, ಇಲ್ಲದಿದ್ದರೆ ಇಷ್ಟು ದಿನದ ಪ್ಲೇ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ.

ಪ್ಲೇಲಿಸ್ಟ್ ಪ್ರಚಾರದವರ ವಿಷಯ ಬೇಗ ಮುಗಿಯಿತು. ಅವರ ಸ್ಟ್ರೀಮ್ ಎಲ್ಲಿಂದ ಬರುತ್ತದೆ ಅಂತ ಕೇಳಿದ್ದಕ್ಕೆ ನೇರ ಉತ್ತರ ಬರಲಿಲ್ಲ. 2024ರಿಂದ ಸ್ಪಾಟಿಫೈ, ನಿಜವಾದ ಕೇಳುಗರಿಲ್ಲದ ಕೃತಕ ಸ್ಟ್ರೀಮ್ ಜಾಸ್ತಿ ಕಂಡ ಹಾಡುಗಳಿಗೆ ಡಿಸ್ಟ್ರಿಬ್ಯೂಟರ್ ಮೇಲೆ ದಂಡ ಹಾಕುತ್ತಿದೆ. ಆ ದಂಡ ಕೊನೆಗೆ ಹಾಡು ಹಾಕಿದವರ ತಲೆಗೇ ಬರಬಹುದು, ಹಾಡನ್ನೇ ತೆಗೆದುಹಾಕಲೂಬಹುದು. ಬೇಡ ಅಂದೆವು.

ಕೈಬಿಟ್ಟುಹೋದ ಅವಕಾಶ

ಈ ಮಾತುಕತೆ ನಡೆಯುತ್ತಿದ್ದಾಗಲೇ ಒಬ್ಬ ಮ್ಯೂಸಿಕ್ ಸೂಪರ್‌ವೈಸರ್ ಬರೆದರು. ಸಿನಿಮಾ, ಸೀರೀಸುಗಳ ದೃಶ್ಯಕ್ಕೆ ಹೊಂದುವ ಹಾಡು ಹುಡುಕಿ, ಹಕ್ಕು ಪಡೆದು ಕೊಡುವುದು ಇವರ ಕೆಲಸ. ಒಂದು ಸೀರೀಸಿನ ಕೊನೆಯ ದೃಶ್ಯಕ್ಕೆ ಈ ಹಾಡು ಕೂತಿದೆ, ನಿರ್ದೇಶಕರಿಗೆ ಇಷ್ಟವಾಗಿದೆ ಅಂದರು. ಅವರ ಪ್ರಶ್ನೆ ಇನ್ನೂ ಚಿಕ್ಕದು: "ಎರಡೂ ಕಡೆ ಕ್ಲಿಯರ್ ಇದೆಯಾ? ಯಾರು ಸಹಿ ಹಾಕ್ತಾರೆ?"

ಎರಡೂ ಕಡೆ ಅಂದರೆ ಮಾಸ್ಟರ್ ಮತ್ತು ರಚನೆ. ನಮ್ಮಲ್ಲಿ ಎರಡೂ ಕ್ಲಿಯರ್ ಇರಲಿಲ್ಲ. ಬೀಟಿನ ಲೈಸೆನ್ಸ್ ಇಂಥ ಬಳಕೆಗೆ ಒಪ್ಪುತ್ತಿರಲಿಲ್ಲ. ರಚನೆಯಲ್ಲಿ ಬೀಟ್ ಮಾಡಿದವರಿಗೆ ಅರ್ಧ ಅಂತ ಲೈಸೆನ್ಸಿನಲ್ಲಿತ್ತು, ಆದರೆ ಗೆಳತಿಯೂ ಸೇರಿ ಮೂವರ ಪಾಲು ಬರೆದು ಸಹಿ ಹಾಕಿದ ಕಾಗದ ಇರಲಿಲ್ಲ. ಎಡಿಟಿಂಗ್ ಮುಗಿಯಲು ಎರಡೇ ದಿನ ಉಳಿದಿತ್ತು. ಬೀಟ್ ಮಾಡಿದವರಿಗೆ ಬರೆದ ಮೇಲ್‌ಗೆ ಅಷ್ಟರೊಳಗೆ ಉತ್ತರ ಬರಲಿಲ್ಲ.

ಸುಳ್ಳು ಹೇಳಿ ಸಹಿ ಹಾಕಿಬಿಡೋಣ ಅನ್ನುವ ಆಸೆ ಇಂಥ ಹೊತ್ತಲ್ಲಿ ಯಾರಿಗೂ ಬರಬಹುದು. ಗಾಯಕಿ ಕೇಳಿಯೂ ಕೇಳಿದರು: "ಆಮೇಲೆ ಸರಿಮಾಡ್ಕೊಂಡ್ರೆ ಆಗಲ್ವಾ?" ಆಗುವುದಿಲ್ಲ. ಹಕ್ಕು ಪೂರ್ತಿ ನನ್ನದೇ ಅಂತ ಬರೆದುಕೊಟ್ಟ ಮೇಲೆ ಬೇರೊಬ್ಬರು ದಾವೆ ಹೂಡಿದರೆ ನಿರ್ಮಾಣ ಸಂಸ್ಥೆಯ ನಷ್ಟವೂ ಸಹಿ ಹಾಕಿದವರ ಮೇಲೆಯೇ ಬೀಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ಸೂಪರ್‌ವೈಸರ್‌ಗೆ ಹೇಳಿದೆವು. ಅವರು ಬೇರೆ ಹಾಡು ಹಾಕಿಕೊಂಡರು. ಜೊತೆಗೆ ಎರಡು ಸಾಲು ಬರೆದರು: ಮೊದಲೇ ಹೇಳಿದ್ದು ಒಳ್ಳೆಯದಾಯಿತು, ಕಾಗದ ಸರಿಯಾದ ಮೇಲೆ ಕಳಿಸಿ, ಹಾಡಿಲ್ಲದ ಬರೀ ಸಂಗೀತದ ಟ್ರ್ಯಾಕನ್ನೂ ಮಾಡಿಟ್ಟಿರಿ.

ಗಾಯಕಿ ಆ ವಾರ ಯಾರ ಜೊತೆಯೂ ಮಾತಾಡಲಿಲ್ಲ. ಕೊನೆಯ ದೃಶ್ಯದಲ್ಲಿ ತಮ್ಮ ಧ್ವನಿ ಕೇಳಿಸುವುದನ್ನು ಆಗಲೇ ಮನಸ್ಸಿನಲ್ಲಿ ಕೇಳಿಯಾಗಿತ್ತು. ಈ ನೋವು ದೊಡ್ಡದು. ಕಾಗದಪತ್ರದ ಮಾತಾಡುವವರು ಇದನ್ನು ಮರೆಯಬಾರದು.

ಪಾಲು ಹಂಚಿದ್ದು

ಮುಂದಿನ ಕೆಲಸ ಮೂವರ ಪಾಲು ಬರೆದು ಸಹಿ ಹಾಕಿಸುವುದು. ಸ್ಪ್ಲಿಟ್ ಶೀಟ್ ಅಂತಾರಲ್ಲ, ಅದು.

ಗೆಳತಿಯ ಕಡೆಯಿಂದ ಶುರುಮಾಡಿದೆವು. "ಅಯ್ಯೋ, ಅದಕ್ಕೆಲ್ಲ ಲೆಕ್ಕ ಇಡ್ತೀಯೇನೇ? ಸುಮ್ನೆ ಬಾಯಿಗೆ ಬಂದಿದ್ದು ಹೇಳ್ದೆ" ಅಂದರು. ಗಾಯಕಿಗೂ ನಿರಾಳವಾಯಿತು, ಅಲ್ಲಿಗೆ ಮುಗೀತು ಅಂದುಕೊಂಡರು. ನಾನು ಒಪ್ಪಲಿಲ್ಲ. ಇವತ್ತು ಬೇಡ ಅಂದವರಿಗೆ ಮುಂದೊಂದು ದಿನ ಆ ಸಾಲು ಜಾಹೀರಾತಿನಲ್ಲಿ ಕೇಳಿಸಿದರೆ ಹೇಗನಿಸುತ್ತದೆ? ಅದಕ್ಕಿಂತ ಮುಖ್ಯವಾಗಿ, ಜನ ಮೆಚ್ಚಿದ್ದು ಆ ಸಾಲುಗಳನ್ನೇ. ಬರೆದವರ ಹೆಸರು ಬರೆದವರಿಗೆ ಸೇರಬೇಕು. ಚರ್ಚೆ ಆಗಿ 20% ಅಂತ ನಿಂತಿತು. ಗೆಳತಿ ಸಹಿ ಹಾಕುವಾಗ ಹಾಳೆಯಲ್ಲಿ ತಮ್ಮ ಹೆಸರಿನ ಮುಂದಿದ್ದ "ಸಾಹಿತ್ಯ" ಅನ್ನುವ ಪದವನ್ನು ಫೋಟೊ ತೆಗೆದುಕೊಂಡರು.

ಬೀಟ್ ಮಾಡಿದವರ ಜೊತೆಗಿನ ಮಾತು ಕಷ್ಟದ್ದು. ಅವರು ಲೈಸೆನ್ಸಿನಲ್ಲಿದ್ದ 50% ಕೇಳಿದರು. ಗಾಯಕಿಗೆ ಸಿಟ್ಟು ಬಂತು. ಬೀಟಿಗೆ ದುಡ್ಡು ಕೊಟ್ಟಿದ್ದೀನಿ, ಹಾಡಿದ್ದು ನಾನು, ಪಲ್ಲವಿ ನನ್ನದು, ಇವರಿಗೆ ಅರ್ಧ ಯಾಕೆ? ಪೂರ್ತಿ ಹಕ್ಕು ಕೊಂಡುಬಿಡೋಣ ಅಂತಲೂ ಯೋಚಿಸಿದರು. ಆದರೆ ಪೂರ್ತಿ ಹಕ್ಕು ಕೊಂಡರೂ ಅದಕ್ಕೂ ಮೊದಲು ಬೇರೆಯವರಿಗೆ ಕೊಟ್ಟ ಲೈಸೆನ್ಸ್ ರದ್ದಾಗುವುದಿಲ್ಲ. ಆ ಗಿಟಾರ್ ಬೇರೆಯವರ ಹಾಡುಗಳಲ್ಲಿ ಹಾಗೇ ಉಳಿಯುತ್ತದೆ.

ಇಲ್ಲಿ ಎರಡನೇ ತಿರುವು. ನನಗೆ ಪರಿಚಯವಿದ್ದ ಒಬ್ಬ ಹಿರಿಯ ಮ್ಯೂಸಿಕ್ ಪ್ರೊಡ್ಯೂಸರ್ ಹತ್ತಿರ ಗಾಯಕಿಯನ್ನು ಕರೆದುಕೊಂಡು ಹೋದೆ. ಅವರು ಕಾನೂನು ಹೇಳಲಿಲ್ಲ. "ಆ ಗಿಟಾರ್ ಇಲ್ದೆ ಪಲ್ಲವಿ ಹಾಡಿ ನೋಡೋಣ" ಅಂದರು. ಗಾಯಕಿ ಶ್ರುತಿ ಹಿಡಿದು ಶುರುಮಾಡಿದರು. ಮೊದಲ ಸಾಲು ಸರಿಯಾಗಿಯೇ ಬಂತು. ಎರಡನೇ ಸಾಲು ಏರಬೇಕಾದ ಜಾಗದಲ್ಲಿ ತಡೆದರು. ಮತ್ತೆ ಹಾಡಿದರು, ಮತ್ತೆ ಅಲ್ಲೇ ತಡೆದರು. ಆ ಏರು ಶುರುವಾಗುವುದು ಗಿಟಾರ್ ತುಣುಕಿನ ಕೊನೆಯ ಸ್ವರದಿಂದ. ಗಿಟಾರ್ ಅಲ್ಲಿ ನಿಂತರೆ ಧ್ವನಿ ಅದನ್ನೇ ಹಿಡಿದು ಮೇಲೆ ಹೋಗುತ್ತಿತ್ತು. ಅವರು ರಾಗ ಕಟ್ಟಿದ್ದೇ ಅದರ ಮೇಲೆ. ಪ್ರೊಡ್ಯೂಸರ್ ಮಾತಾಡದೆ ಕೂತಿದ್ದರು. ಗಾಯಕಿಯೇ ಹೇಳಿದರು: "ಇದು ಅವರ ಹಾಡೂ ಹೌದು."

ಆ ಮಧ್ಯಾಹ್ನದ ನಂತರ ಮಾತುಕತೆಯ ದನಿಯೇ ಬದಲಾಯಿತು. ಗಾಯಕಿ ಬೀಟ್ ಮಾಡಿದವರಿಗೆ ಕರೆ ಮಾಡಿ, ಮೊದಲು ಆ ಗಿಟಾರ್ ತುಣುಕನ್ನು ಹೇಗೆ ಮಾಡಿದಿರಿ ಅಂತ ಕೇಳಿದರು. ಪಾಲಿನ ವಿಷಯ ಬಂದದ್ದು ಆಮೇಲೆ. ಅವರು ರಚನೆಯಲ್ಲಿ 40ಕ್ಕೆ ಒಪ್ಪಿದರು. ಗಾಯಕಿಗೆ 40, ಗೆಳತಿಗೆ 20. 10% ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ, ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿದರೆ ಅದರಲ್ಲಿ ಸಹ-ಪ್ರೊಡ್ಯೂಸರ್ ಅಂತ ಹೆಸರು, ಆ ರೆಕಾರ್ಡಿಂಗಿನ ಗಳಿಕೆಯಲ್ಲಿ 10%. ಇದರ ಜೊತೆ ಸೇರಿಸಿದ ಒಂದು ಸಾಲನ್ನು ನಾನು ಎಲ್ಲಕ್ಕಿಂತ ಬೆಲೆಯುಳ್ಳದ್ದು ಅಂತ ಎಣಿಸುತ್ತೇನೆ: ಸಿನಿಮಾ, ಸೀರೀಸ್ ಬಳಕೆಗೆ ಮೂವರ ಪರವಾಗಿ ಗಾಯಕಿ ಒಬ್ಬರೇ ಸಹಿ ಹಾಕಬಹುದು, ರಾಜಕೀಯ ಪ್ರಚಾರಕ್ಕೆ ಮಾತ್ರ ಮೂವರನ್ನೂ ಕೇಳಬೇಕು.

ಒಳಗಿನವರೇ ಎರಡು ಮಾತು ಹೇಳಿದಾಗ

ಹೊಸ ರೆಕಾರ್ಡಿಂಗ್ ಮಾಡಬೇಕೋ ಬೇಡವೋ ಅನ್ನುವುದು ಮುಂದಿನ ಪ್ರಶ್ನೆ. ಎ ಅಂಡ್ ಆರ್ ಅವರು ಬೇಡವೇ ಬೇಡ ಅಂದರು. ಹೊಸ ರೆಕಾರ್ಡಿಂಗಿಗೆ ಹೊಸ ಐಎಸ್‌ಆರ್‌ಸಿ, ಲೆಕ್ಕ ಸೊನ್ನೆಯಿಂದ, ಕೇಳುಗರು ಎರಡು ಕಡೆ ಹರಿದುಹೋಗುತ್ತಾರೆ. ಸೂಪರ್‌ವೈಸರ್ ಮಾಡಲೇಬೇಕು ಅಂದರು. ಬೀಟ್ ಲೈಸೆನ್ಸಿನ ಮೇಲೆ ನಿಂತ ಮಾಸ್ಟರನ್ನು ಅವರು ಮುಟ್ಟುವುದಿಲ್ಲ.

ಗಾಯಕಿ ಗೊಂದಲಕ್ಕೆ ಬಿದ್ದರು. ಇಬ್ಬರೂ ಅನುಭವಸ್ಥರು, ಇಬ್ಬರಿಗೂ ಇವರ ಒಳಿತೇ ಬೇಕು. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಸರಿಯೇ ಇದ್ದರು. ಒಬ್ಬರ ಕೆಲಸ ನಿಂತಿರುವುದು ಸ್ಟ್ರೀಮಿನ ಏರಿಕೆಯ ಮೇಲೆ, ಇನ್ನೊಬ್ಬರದು ತಕರಾರಿಲ್ಲದ ಕಾಗದದ ಮೇಲೆ. ಒಳಗಿನವರ ಸಲಹೆಯನ್ನು ತೂಗುವಾಗ ಅವರಿಗೆ ಸಂಬಳ ಬರುವುದು ಯಾವುದರಿಂದ ಅಂತ ಒಮ್ಮೆ ನೋಡಬೇಕು. ಅನುಮಾನದಿಂದ ಅಲ್ಲ, ಅವರಿಗೆ ಹಾಡಿನ ಯಾವ ಮಗ್ಗುಲು ಕಾಣುತ್ತದೆ ಅಂತ ಅದರಿಂದ ತಿಳಿಯುತ್ತದೆ.

ಕೊನೆಗೆ ಎರಡನ್ನೂ ಇಟ್ಟುಕೊಂಡೆವು. ಹಳೆಯದಕ್ಕೆ ಮಿತಿಯಿಲ್ಲದ ಸ್ಟ್ರೀಮಿಂಗ್ ಲೈಸೆನ್ಸ್ ತಗೊಂಡು ಹಾಗೇ ಬಿಟ್ಟೆವು. ಹೊಸದನ್ನು ಬೀಟಿನ ಬದಲು ವಾದ್ಯಗಳನ್ನೇ ನುಡಿಸಿಸಿ, ಶುರುವಿನ ಸಂಗೀತ ಕಡಿಮೆ ಮಾಡಿ ರೆಕಾರ್ಡ್ ಮಾಡಿದರು. ಗಿಟಾರ್ ನುಡಿಸಿದವರು, ಡ್ರಮ್ಸ್ ನುಡಿಸಿದವರು ಸ್ಟುಡಿಯೊ ಬಿಡುವ ಮೊದಲೇ ತಮ್ಮ ಕಾಗದಕ್ಕೆ ಸಹಿ ಹಾಕಿದರು. ಬರೀ ಸಂಗೀತದ ಟ್ರ್ಯಾಕ್ ಅವತ್ತೇ ತಯಾರಾಯಿತು. ಬಿಡುಗಡೆಗೆ ಶುಕ್ರವಾರ ಆರಿಸಿದರು, 2015ರಿಂದ ಹೊಸ ಹಾಡಿಗೆ ಜಗತ್ತಿನಾದ್ಯಂತ ಅದೇ ದಿನ. ಪ್ಲೇಲಿಸ್ಟಿಗೆ ಹಾಡು ಆರಿಸುವ ಸ್ಪಾಟಿಫೈನ ಸಂಪಾದಕರಿಗೆ ಹಾಡು ಕಳಿಸಬೇಕಾದರೆ ಬಿಡುಗಡೆಗೆ ಮೊದಲೇ ಕಳಿಸಬೇಕು, ಕನಿಷ್ಠ 7 ದಿನ ಮುಂಚೆ ಕಳಿಸಿದರೆ ಒಳ್ಳೆಯದು. ಹಳೆಯ ಹಾಡಿಗೆ ಈ ಅವಕಾಶ ತಪ್ಪಿತ್ತು, ಹೊಸದಕ್ಕೆ ಬಳಸಿಕೊಂಡರು.

ರಚನೆಯ ನೋಂದಣಿಗೆ ಒಬ್ಬ ಪಬ್ಲಿಷಿಂಗ್ ತಜ್ಞರ, ಅಂದರೆ ರಚನೆಯ ಹಕ್ಕು ಮತ್ತು ಹಣ ನೋಡಿಕೊಳ್ಳುವವರ, ಸಹಾಯ ತಗೊಂಡೆವು. ಡಿಸ್ಟ್ರಿಬ್ಯೂಟರ್ ತಂದುಕೊಡುವುದು ರೆಕಾರ್ಡಿಂಗಿನ ಹಣ, ರಚನೆಯ ಹಣವನ್ನು ಬೇರೆಯಾಗಿ ನೋಂದಾಯಿಸಿ ಪಡೆಯಬೇಕು ಅಂತ ಅವರು ಹೇಳಿದಾಗ ಗಾಯಕಿ ನಂಬಲಿಲ್ಲ. ಅದಕ್ಕೆ ಅವರು ಅಮೆರಿಕದ ಉದಾಹರಣೆ ಕೊಟ್ಟರು. ಅಲ್ಲಿ 2018ರ ಕಾಯ್ದೆಯಡಿ ಸ್ಟ್ರೀಮಿಂಗಿನಿಂದ ರಚನಕಾರರಿಗೆ ಬರಬೇಕಾದ ಹಣ ಹಂಚಲು ಎಂಎಲ್‌ಸಿ ಅನ್ನುವ ಸಂಸ್ಥೆ 2021ರಲ್ಲಿ ಶುರುವಾಯಿತು. ಯಾರಿಗೆ ಸೇರಬೇಕು ಅಂತ ಗೊತ್ತಾಗದೆ ಉಳಿದಿದ್ದ ಹಳೆಯ ಹಣವನ್ನು ಸ್ಟ್ರೀಮಿಂಗ್ ಕಂಪನಿಗಳು ಅದಕ್ಕೆ ಒಪ್ಪಿಸಿದವು. ಮೊತ್ತ 42 ಕೋಟಿ ಡಾಲರಿಗೂ ಜಾಸ್ತಿ. ಹಾಡು ಓಡಿತ್ತು, ಹಣವೂ ಬಂದಿತ್ತು, ಬರೆದವರ ಜೊತೆ ಹೊಂದಿಸಲು ಬೇಕಾದ ವಿವರ ಮಾತ್ರ ಇರಲಿಲ್ಲ.

ಏನಾಯಿತು

ಮ್ಯೂಸಿಕ್ ಕಂಪನಿಯ ಒಪ್ಪಂದ ಆಗಲಿಲ್ಲ. ಶಾಶ್ವತ ಮಾಲೀಕತ್ವ ಬೇಡ, ಕೆಲವು ವರ್ಷಕ್ಕೆ ಲೈಸೆನ್ಸ್ ಕೊಡ್ತೀವಿ, ಆಮೇಲೆ ಮಾಸ್ಟರ್ ವಾಪಸ್ ಬರಬೇಕು ಅಂತ ಕೇಳಿದೆವು. ಅವರು ಯೋಚಿಸ್ತೀವಿ ಅಂದರು. ಅಷ್ಟರಲ್ಲಿ ಚಿಕ್ಕ ವಿಡಿಯೊಗಳ ಭರಾಟೆ ಇಳಿಯಿತು, ಅವರ ಉತ್ತರಗಳೂ ನಿಂತವು. ಮೊದಲ ಕರೆ ಬಂದಾಗಲೇ ಕಾಗದ ಸಿದ್ಧವಿದ್ದಿದ್ದರೆ ಲೈಸೆನ್ಸ್ ಒಪ್ಪಂದ ಆಗುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಆಗ ಕೇಳುವ ಬಲ ನಮ್ಮ ಕಡೆ ಇತ್ತು. ವಿತರಣಾ ಕಂಪನಿಯ ಜೊತೆ ಒಪ್ಪಂದವಾಯಿತು, ಮುಂಗಡವನ್ನು ಗಾಯಕಿಯೇ ಚಿಕ್ಕದಾಗಿ ಕೇಳಿದರು, ಬೇಗ ತೀರಲಿ ಅಂತ.

ಕಂಟೆಂಟ್ ಐಡಿ ತಕರಾರಿನಲ್ಲಿ ಲೈಸೆನ್ಸ್ ತೋರಿಸಿದ ಮೇಲೆ ಎದುರಿನವರು ಕ್ಲೇಮ್ ಬಿಟ್ಟುಕೊಟ್ಟರು. ಆದರೆ ಎಲ್ಲ ಹಣ ಬರಲಿಲ್ಲ. ಕ್ಲೇಮ್ ಬಿದ್ದ 5 ದಿನದೊಳಗೆ ತಕರಾರು ಹಾಕಿದರೆ ಯೂಟ್ಯೂಬ್ ಮೊದಲ ದಿನದಿಂದಲೇ ಹಣ ತಡೆದಿಡುತ್ತದೆ. ತಡವಾದರೆ ತಕರಾರು ಹಾಕಿದ ದಿನದಿಂದ ಮಾತ್ರ. ಗಾಯಕಿಯ ವಿಡಿಯೊ ಅತಿ ಹೆಚ್ಚು ಓಡಿದ್ದು, ಕ್ಲೇಮ್ ಬಿದ್ದ ದಿನಕ್ಕೂ ನಾವು ತಡವಾಗಿ ತಕರಾರು ಹಾಕಿದ ದಿನಕ್ಕೂ ನಡುವೆ.

ಸುಮಾರು ವರ್ಷದ ನಂತರ ಅದೇ ಸೂಪರ್‌ವೈಸರ್ ಬೇರೊಂದು ಸೀರೀಸಿಗೆ ಹಾಡು ಕೇಳಿದರು. ಫೈಲ್ ಜೊತೆಗೆ ಬರೆದವರ ಹೆಸರು, ಪಾಲು, ಎರಡೂ ಕೋಡ್, ಸಹಿ ಹಾಕುವವರ ಫೋನ್ ನಂಬರ್ ಎಲ್ಲ ಹೋಯಿತು. ಅವತ್ತು ಸಂಜೆಯೊಳಗೆ ಒಪ್ಪಿಗೆ ಮುಗಿಯಿತು. ಕೊನೆಯ ದೃಶ್ಯ ಏನಲ್ಲ; ಒಂದು ಕಾರಿನಲ್ಲಿ ರೇಡಿಯೊ ಹಾಡುತ್ತಿರುತ್ತದೆ, ಪಾತ್ರಗಳು ಮಾತಾಡುತ್ತಿರುತ್ತವೆ. ಶುಲ್ಕ ದೊಡ್ಡದಲ್ಲ. ಸೀರೀಸಿನಲ್ಲಿ ಬಳಸಿದ ಹಾಡುಗಳು ಮತ್ತು ಬರೆದವರ ಪಟ್ಟಿಯಾದ, ಪ್ರಸಾರದ ರಾಯಲ್ಟಿಗೆ ಆಧಾರವಾಗುವ ಕ್ಯೂ ಶೀಟಿನ ಕರಡು ಬಂದಾಗ ಗೆಳತಿಯ ಹೆಸರು ಬಿಟ್ಟುಹೋಗಿತ್ತು. ಅದನ್ನು ಗಮನಿಸಿ ಸರಿಮಾಡಿಸಿದವರು ಬೀಟ್ ಮಾಡಿದವರು.

ಇದರಿಂದ ಬೇರೆಯವರು ತೆಗೆದುಕೊಳ್ಳಬಹುದಾದದ್ದು

ಪಾಲಿನ ಮಾತನ್ನು ಹಾಡು ಆದ ದಿನವೇ ಆಡಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಅವತ್ತು ಹಾಡಿಗೆ ಬೆಲೆ ಇರುವುದಿಲ್ಲ, ಹಾಗಾಗಿ ಜಗಳವೂ ಇರುವುದಿಲ್ಲ. ಯಾರು ಏನು ಮಾಡಿದರು ಅನ್ನುವ ನೆನಪೂ ಹಸಿಯಾಗಿರುತ್ತದೆ. ಗೆಳೆತನದಲ್ಲಿ ಲೆಕ್ಕ ಯಾಕೆ ಅನ್ನುವವರಿಗೆ ನನ್ನ ಉತ್ತರ, ಗೆಳೆತನ ಉಳಿಯಲಿ ಅಂತಲೇ.

ಒಳಗಿನವರನ್ನು ಭೇಟಿಯಾದಾಗ ಅಭಿಪ್ರಾಯ ಕೇಳಲೇಬಾರದು ಅಂತೇನಿಲ್ಲ. ಚೆನ್ನಾಗಿದೆಯಾ ಅಂತ ಕೇಳುವ ಬದಲು, ಎಷ್ಟನೇ ಸೆಕೆಂಡಿನಲ್ಲಿ ನಿಮ್ಮ ಗಮನ ತಪ್ಪಿತು ಅಂತ ಕೇಳಿ. ಶುರುವಿನ ಸಂಗೀತದ ಬಗ್ಗೆ ಎ ಅಂಡ್ ಆರ್ ಅವರು ಹೇಳಿದ ಆ ಒಂದು ವಾಕ್ಯ, ಅಲ್ಲಿಯವರೆಗೆ ಬಂದ ಎಲ್ಲ ಹೊಗಳಿಕೆಗಿಂತ ಉಪಯೋಗಕ್ಕೆ ಬಂತು. ಇನ್ನು, ಯಾರೇ ಒಪ್ಪಂದ ಕಳಿಸಿದರೂ ಮುಂಗಡದ ಅಂಕಿ ನೋಡುವ ಮೊದಲು ಮೂರು ವಿಷಯ ಹುಡುಕಿ: ಎಷ್ಟು ವರ್ಷ, ಯಾವ ಖರ್ಚು ನನ್ನ ಪಾಲಿನಿಂದ, ಹಾಡು ವಾಪಸ್ ಬರುವುದು ಯಾವಾಗ.

ಗಾಯಕಿ ಮತ್ತು ಬೀಟ್ ಮಾಡಿದವರು ಈಗ ನೇರವಾಗಿ ಒಟ್ಟಿಗೆ ಕೆಲಸ ಮಾಡುತ್ತಿದ್ದಾರೆ. ಎರಡನೇ ಹಾಡು ಸಿದ್ಧವಾಗಿದೆ. ಅದರಲ್ಲಿ ಡ್ರಮ್ಸ್ ನುಡಿಸಿದವರು ತಾಳದ ನಡೆಯನ್ನೇ ಬದಲಿಸಿದರು, ಆಮೇಲೆ ಪಲ್ಲವಿಯೂ ಅದಕ್ಕೆ ತಕ್ಕಂತೆ ಬದಲಾಯಿತು. ನುಡಿಸಿದ್ದಕ್ಕೆ ಸಂಭಾವನೆ ಕೊಟ್ಟರೆ ಸಾಕೋ, ರಚನೆಯಲ್ಲೂ ಪಾಲು ಕೊಡಬೇಕೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಕೊಡಬೇಕು ಅನ್ನುವುದು ಗಾಯಕಿಯ ಮಾತು, ಬೀಟ್ ಮಾಡಿದವರು ಒಪ್ಪುತ್ತಿಲ್ಲ. ಆ ಹಾಳೆಗೆ ಎಲ್ಲರ ಸಹಿ ಬೀಳುವವರೆಗೆ ಬಿಡುಗಡೆಯ ದಿನಾಂಕ ಹಾಕುವುದು ಬೇಡ ಅಂತ ಮಾತ್ರ ಮೂವರೂ ಒಪ್ಪಿದ್ದಾರೆ.